ಕಾಲಡಿಯ ವೈರು: ನಮ್ಮ ಸೀಮೆಯ ಹಳೆಯ ಗಾಡಿಗಳ ಚರಿತ್ರೆ

ನಮ್ಮ ಸಹಕಾರ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿಹಬ್ಬ ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ, ಸಂಘದ ಷೇರು, ಸಾಲ, ಠೇವಣಿಗಳ ಇತಿಹಾಸವನ್ನು ಬಲ್ಲವರು ಈ ಸಂಚಿಕೆಯಲ್ಲಿ ಬರೆಯುತ್ತಾರೆ. ನಾವು ಇಲ್ಲಿ ಬರೆಯ ಹೊರಟಿರುವುದು ಇನ್ನೊಂದು ಬಗೆಯ ಇತಿಹಾಸ. ಸಂಘದ ಗೊಬ್ಬರದ ಚೀಲ ಊರಿಗೆ ಬಂದದ್ದು ಗಾಡಿಯ ಮೇಲೆ. ಊರಿನ ಭತ್ತದ ಚೀಲ ಪೇಟೆಗೆ ಹೋದದ್ದು ಗಾಡಿಯ ಮೇಲೆ. ಹೆರಿಗೆಗೆ ಹೋದ ಹೆಣ್ಣುಮಗಳು, ಪರೀಕ್ಷೆಗೆ ಹೋದ ಹುಡುಗ, ಮದುವೆಯ ದಿಬ್ಬಣ, ಎಲ್ಲಕ್ಕೂ ಗಾಡಿಯೇ ಆಸರೆ. ಆ ಗಾಡಿಗಳ ಇಂಜಿನ್ನು, ಟೈರು, ಮೈಲೇಜುಗಳ ಬಗ್ಗೆ ಕಟ್ಟೆಯ ಮೇಲೆ ಕೂತು ಎಲ್ಲರೂ ಮಾತಾಡುತ್ತೇವೆ. ಕಾಲಡಿಯ ಮ್ಯಾಟಿನ ಕೆಳಗೆ ಮಲಗಿರುವ ವೈರಿನ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಗಾಡಿ ಕೈಕೊಟ್ಟಾಗ ನೆನಪಾಗಬೇಕಾದ ಜಾಗ ಅದು, ಆದರೆ ಎಲ್ಲಕ್ಕಿಂತ ಕೊನೆಗೆ ನೆನಪಾಗುತ್ತದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಮಟ್ಟಿಗೆ ಈ ಮಾತು ಹೆಚ್ಚು ನಿಜ. ಕಾಲುವೆಯ ನೀರೇ ನಮ್ಮ ಊರುಗಳಿಗೆ ಗಾಡಿಗಳನ್ನು ತಂದಿತು. ಅದೇ ನೀರು, ಅದೇ ಕೆಸರು, ಅದೇ ಗೊಬ್ಬರದ ಪುಡಿ ಗಾಡಿಯ ತಳ ಸೇರಿ ವೈರನ್ನು ತಿಂದವು. ಇದು ಹೇಗಾಯಿತು, ಇದನ್ನು ಹಿಂದಿನ ಉಸ್ತಾದರು ಹೇಗೆ ಹುಡುಕುತ್ತಿದ್ದರು, ಇಂದು ನಾವು ಏನು ಮಾಡಬೇಕು ಎಂಬುದನ್ನು ತಿಳಿದಷ್ಟು ನಿವೇದಿಸಿಕೊಳ್ಳುತ್ತೇವೆ.

ನೀರು ಬರುವ ಮುಂಚೆ

ನೆಲದ ಅಡಿ ಹುಡುಕುವುದು ನಮ್ಮ ಸೀಮೆಗೆ ಹೊಸದಲ್ಲ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡ. ‘ದೇವಾನಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಅದರಲ್ಲಿತ್ತು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ನೆಲದ ಆಳದಿಂದ ಚಿನ್ನ ತೆಗೆಯುತ್ತಾರೆ. ಇಂಥ ನಾಡಿನಲ್ಲಿ ಗಾಡಿಯ ಮ್ಯಾಟು ಎತ್ತಿ ನೋಡಲು ನಮಗೆ ಬೇಸರ ಯಾಕೆ ಎಂದು ಹಿರಿಯರು ನಗೆಯಾಡುವುದುಂಟು.

ನಿಜಾಮರ ಆಳ್ವಿಕೆಯಲ್ಲಿ ರಾಯಚೂರು ಜಿಲ್ಲೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ರೈಲು ಇಲಾಖೆಯೇ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಆದರೆ ನಮ್ಮ ಹಳ್ಳಿಗಳ ಮಟ್ಟಿಗೆ ಎತ್ತಿನ ಬಂಡಿಯೇ ವಾಹನ. ಎರೆ ಭೂಮಿಯಲ್ಲಿ ಜೋಳ, ಹತ್ತಿ, ಮಸಾರಿಯಲ್ಲಿ ಸಜ್ಜೆ, ಶೇಂಗಾ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. ಬಂಡಿಯ ತಳಕ್ಕೆ ಒಂದು ಕಂದೀಲು ಕಟ್ಟಿದರೆ ಅದೇ ದೀಪ. ಎಣ್ಣೆ ತೀರಿದರೆ ಆರುತ್ತದೆ, ಎಣ್ಣೆ ಹಾಕಿದರೆ ಹತ್ತುತ್ತದೆ. ಕೆಟ್ಟದ್ದು ಎಲ್ಲಿ ಎಂದು ಹುಡುಕುವ ಕೆಲಸವೇ ಇರಲಿಲ್ಲ.

ಅಣೆಕಟ್ಟು, ಜೀಪು ಮತ್ತು ಕ್ಯಾಂಪು

1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಮದ್ರಾಸ್ ಪ್ರಾಂತ್ಯ ಬಲಗಡೆ, ಹೈದರಾಬಾದ್ ಸಂಸ್ಥಾನ ಎಡಗಡೆ ನಿಂತು ಕಟ್ಟಿದ ಅಣೆಕಟ್ಟು ಅದು. ನಡುವೆ 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಭಾರತಕ್ಕೆ ಸೇರಿತು. 1953ರಲ್ಲಿ ನೀರು ಬಿಟ್ಟರು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆಯ ಕೆಲಸ ಸಾಗಿದಂತೆ ನೀರು ಒಂದೊಂದೇ ಊರಿಗೆ ಇಳಿದು ಬಂತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ನಾಲೆಯ ಕೆಲಸದ ಜೊತೆಗೇ ಸರ್ಕಾರಿ ಜೀಪುಗಳು ಬಂದವು. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪನ್ನು ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮಹೀಂದ್ರಾ ಕಂಪನಿ ನಮ್ಮ ದೇಶದಲ್ಲಿ ಜೋಡಿಸಲು ಆರಂಭಿಸಿತ್ತು. ಆ ಜೀಪಿಗೆ ಮ್ಯಾಟು ಇಲ್ಲ, ಗಾದಿ ಇಲ್ಲ. ತಳದ ತಗಡು ಬರಿಗಣ್ಣಿಗೆ ಕಾಣುತ್ತಿತ್ತು. ನೀರು ಬಿದ್ದರೆ ತೂತಿನಿಂದ ಇಳಿದು ಹೋಗುತ್ತಿತ್ತು. ವೈರು ಎಲ್ಲಿ ಹೋಗಿದೆ ಎಂದು ಡ್ರೈವರ್ ಕೂತಲ್ಲಿಂದಲೇ ಹೇಳಬಲ್ಲವನಾಗಿದ್ದ.

ನೀರಾವರಿಯ ಹಿಂದೆಯೇ ಆಂಧ್ರದ ಕಡೆಯಿಂದ ಭತ್ತದ ಬೇಸಾಯ ಬಲ್ಲ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಲಿ ಕುಟುಂಬಗಳಿಗೆ ಸಿಂಧನೂರಿನ ಹತ್ತಿರ ಪುನರ್ವಸತಿ ಕ್ಯಾಂಪುಗಳಾದವು. ಜೋಳದ ಸೀಮೆ ಭತ್ತದ ಸೀಮೆಯಾಯಿತು. ಅಕ್ಕಿ ಗಿರಣಿಗಳು ಎದ್ದವು. ಟ್ರ್ಯಾಕ್ಟರು, ಲಾರಿ, ಬಾಡಿಗೆ ಕಾರು ಬಂದವು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಅಲ್ಲಿಯ ತನಕ ಅಷ್ಟೂ ದಶಕ ಕಾಳು, ಗೊಬ್ಬರ, ಮಂದಿ ಎಲ್ಲಾ ರಸ್ತೆಯ ಮೇಲೆಯೇ. ಹೀಗಾಗಿ ಗಾಡಿ ರಿಪೇರಿಯ ಅಂಗಡಿಗಳೂ ರಸ್ತೆಯ ಬದಿಯಲ್ಲೇ ಬೆಳೆದವು. ಇಂಜಿನ್ ಬಿಚ್ಚುವವರಿಗೆ ಮೇಸ್ತ್ರಿ ಎಂದರು, ವೈರಿಂಗ್ ನೋಡುವವರಿಗೆ ಉಸ್ತಾದ್ ಎಂದರು. ಎರಡೂ ಬೇರೆ ಬೇರೆ ವಿದ್ಯೆ.

ಕಾಲುವೆಯ ಲೆಕ್ಕದಲ್ಲಿ ಕರೆಂಟು

ಗಾಡಿಯ ಕರೆಂಟು ಅಂದರೆ ಏನೋ ಮಾಯೆ ಎಂದು ರೈತರು ಹೆದರಬೇಕಾಗಿಲ್ಲ. ಕಾಲುವೆ ಬಲ್ಲವನಿಗೆ ಇದು ತಿಳಿಯುತ್ತದೆ. ಬ್ಯಾಟರಿ ಅಣೆಕಟ್ಟು. ದಪ್ಪ ವೈರು ಮುಖ್ಯ ನಾಲೆ. ಸ್ವಿಚ್ಚು ತೂಬು. ಸಣ್ಣ ವೈರುಗಳು ವಿತರಣಾ ನಾಲೆಗಳು. ಹಿಂದಿನ ದೀಪ ಕೊನೆಭಾಗದ ಹೊಲ. ಮೇಲ್ಭಾಗದಲ್ಲಿ ನಾಲೆ ಒಡೆದರೆ ಕೊನೆಭಾಗದ ರೈತನಿಗೆ ನೀರಿಲ್ಲ. ವೈರಿನ ಮೇಲಿನ ಪದರ ಸವೆದು ತಾಮ್ರ ತಗಡಿಗೆ ತಗುಲಿದರೆ ಅದೇ ಶಾರ್ಟ್. ನಾಲೆ ಒಡೆದ ಹಾಗೆ ಕರೆಂಟೆಲ್ಲಾ ಅಲ್ಲೇ ನುಗ್ಗುತ್ತದೆ. ಆಗ ವೈರು ಉರಿದು ಹೋಗದಿರಲಿ ಎಂದು ತಾನೇ ಕರಗಿ ಹರಿವು ನಿಲ್ಲಿಸುವುದು ಫ್ಯೂಸು.

ಒಂದು ವಿಷಯದಲ್ಲಿ ಮಾತ್ರ ಕರೆಂಟು ನೀರಿಗಿಂತ ಬೇರೆ. ಹೊಲಕ್ಕೆ ಹೋದ ನೀರು ವಾಪಸು ಬರಬೇಕಾಗಿಲ್ಲ. ಬಲ್ಬಿಗೆ ಹೋದ ಕರೆಂಟು ಬ್ಯಾಟರಿಗೆ ವಾಪಸು ಬರಲೇಬೇಕು. ವಾಪಸು ಬರುವ ದಾರಿಗೆ ಬೇರೆ ವೈರು ಹಾಕದೆ ಗಾಡಿಯ ತಗಡಿನ ಮೈಯನ್ನೇ ಬಳಸುತ್ತಾರೆ. ಅದಕ್ಕೇ ಅರ್ಥ್ ಎಂದು ಹೆಸರು. ಅರ್ಥ್ ಅಂದರೆ ನಮ್ಮ ಬಸಿಗಾಲುವೆ ಇದ್ದ ಹಾಗೆ. ಬಸಿಗಾಲುವೆ ಹೂತು ಹೋದರೆ ಹೊಲ ಜವುಳು ಹಿಡಿಯುತ್ತದೆ, ಸವಳಾಗುತ್ತದೆ. ಅರ್ಥ್ ಬೋಲ್ಟು ತುಕ್ಕು ಹಿಡಿದರೆ ದೀಪ ಮಂಕಾಗುತ್ತದೆ, ಕರೆಂಟು ದಾರಿ ತಪ್ಪಿ ಇನ್ನೊಂದು ಬಲ್ಬಿನ ಮೂಲಕ ವಾಪಸು ಹೋಗಲು ನೋಡುತ್ತದೆ. ಬ್ರೇಕ್ ತುಳಿದಾಗ ಇಂಡಿಕೇಟರ್ ಮಿಣುಕಿದರೆ ಅದು ಭೂತಚೇಷ್ಟೆಯಲ್ಲ, ಬಸಿಗಾಲುವೆ ಕಟ್ಟಿದೆ ಅಷ್ಟೆ. ನಮ್ಮ ಉಸ್ತಾದರು ಇದನ್ನೇ, ‘ಕರೆಂಟು ಹೋಗೋ ದಾರಿ ಎಲ್ಲಾರೂ ನೋಡ್ತಾರ, ಬರೋ ದಾರಿ ಯಾರೂ ನೋಡಂಗಿಲ್ಲ’ ಎನ್ನುತ್ತಿದ್ದರು.

ಅಂಬಾಸಿಡರ್ ಕಾಲ ಮತ್ತು ಬಣ್ಣದ ಲೆಕ್ಕ

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯ ಮೇಲೆ ಹಿಂದೂಸ್ತಾನ್ ಮೋಟರ್ಸ್‌ನವರು 1950ರ ದಶಕದ ಕೊನೆಯಲ್ಲಿ ತಂದ ಅಂಬಾಸಿಡರ್, ಬಂಗಾಲದ ಉತ್ತರಪಾರಾ ಕಾರ್ಖಾನೆಯಲ್ಲಿ 2014ರವರೆಗೆ ತಯಾರಾಯಿತು. ಗಿರಣಿ ಸಾಹುಕಾರರ ಮನೆ ಮುಂದೆ, ತಾಲೂಕು ಕಚೇರಿಯ ಅಂಗಳದಲ್ಲಿ, ಬಾಡಿಗೆ ಕಾರಿನ ಸ್ಟ್ಯಾಂಡಿನಲ್ಲಿ ಅದೇ ಕಾರು. ಜೊತೆಗೆ ಫಿಯೆಟ್, 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಾದ ಕಾರು. ಇವುಗಳ ಒಳಗೆ ಮ್ಯಾಟು ಬಂತು, ಅದರಡಿ ಶಾಖ ಮತ್ತು ಸದ್ದು ತಡೆಯುವ ದಪ್ಪ ಪದರ ಬಂತು. ನೋಡಲು ಚಂದ, ಕಾಲಿಗೆ ಮೆತ್ತಗೆ. ಆದರೆ ಜೀಪಿನಲ್ಲಿ ಕಣ್ಣಿಗೆ ಕಾಣುತ್ತಿದ್ದ ತಳ ಇಲ್ಲಿ ಮುಚ್ಚಿಹೋಯಿತು.

ಬ್ರಿಟಿಷ್ ಮೂಲದ ಗಾಡಿಗಳಲ್ಲಿ ವೈರಿನ ಬಣ್ಣಕ್ಕೆ ಒಂದು ಕಟ್ಟುನಿಟ್ಟು ಇತ್ತು. ಬರ್ಮಿಂಗ್‌ಹ್ಯಾಮ್‌ನ ಲೂಕಾಸ್ ಕಂಪನಿಯ ಲೆಕ್ಕ ಅದು. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ ಬಂದದ್ದು, ಅದರಲ್ಲಿ ಯಾವಾಗಲೂ ಕರೆಂಟು ಇರುತ್ತದೆ. ಬಿಳಿಯದು ಕೀ ತಿರುಗಿಸಿದ ಮೇಲೆ ಬರುವುದು. ಹಸಿರು ಅಂದರೆ ಕೀ ತಿರುಗಿಸಿದ ಮೇಲೆ ಫ್ಯೂಸಿನ ಮೂಲಕ ಬರುವುದು. ಕೆಂಪು ಸಣ್ಣ ದೀಪ ಮತ್ತು ಹಿಂದಿನ ದೀಪದ್ದು. ಹಸಿರಿನ ಮೇಲೆ ನೇರಳೆ ಗೆರೆ ಇದ್ದರೆ ಬ್ರೇಕ್ ದೀಪ, ಹಸಿರು-ಕೆಂಪು ಎಡ ಇಂಡಿಕೇಟರ್, ಹಸಿರು-ಬಿಳಿ ಬಲ ಇಂಡಿಕೇಟರ್. ಕಪ್ಪು ಅರ್ಥ್. ಇಂಗ್ಲಿಷ್ ಓದಲು ಬಾರದ ಉಸ್ತಾದರೂ ಈ ಬಣ್ಣದ ಲೆಕ್ಕವನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಬ್ರಿಟಿಷ್ ಮೂಲದ ಬಹಳ ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಬಾಡಿಗೆ ಕೊಟ್ಟಿರುತ್ತಿದ್ದರು, ಆಮೇಲಿನವುಗಳಲ್ಲಿ ಮೈನಸ್. ಆದ್ದರಿಂದ ಹಳೆಯ ಗಾಡಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಯಾವ ತುದಿ ಬಾಡಿಗೆ ಸೇರಿದೆ ಎಂಬುದನ್ನು.

ಈ ಲೆಕ್ಕ ಕೆಟ್ಟದ್ದು ರಿಪೇರಿಯಿಂದಲೇ. ಒಂದು ವೈರು ಕಡಿದರೆ ಕೈಗೆ ಸಿಕ್ಕ ಬಣ್ಣದ್ದು ಜೋಡಿಸಿದರು. ಹತ್ತು ವರ್ಷ, ಹತ್ತು ಕೈ ದಾಟಿದ ಗಾಡಿಯಲ್ಲಿ ಕೆಂಪು ಹೋಗಿ ಹಳದಿ, ಹಳದಿ ಹೋಗಿ ಮನೆಗೆ ಹಾಕುವ ವೈರು ಸೇರಿಕೊಂಡವು.

ಮ್ಯಾಟಿನಡಿ ಏನೇನು ಸೇರಿತು

1983ರ ಡಿಸೆಂಬರ್‌ನಲ್ಲಿ ಮಾರುತಿ 800, ಮರುವರ್ಷ ಮಾರುತಿ ವ್ಯಾನು ಬಂದವು. ಮುಂದೆ ಓಮ್ನಿ ಎಂದು ಹೆಸರಾದ ಆ ವ್ಯಾನು 2019ರವರೆಗೆ ತಯಾರಾಯಿತು. ಜೊತೆಗೆ ಮಹೀಂದ್ರಾ ಕಮಾಂಡರ್, ಟೆಂಪೋ ಟ್ರ್ಯಾಕ್ಸ್. ನಮ್ಮ ಸಂಘ ಹುಟ್ಟಿದ ಹೊತ್ತಿಗೆ ಹಳ್ಳಿಗಳಲ್ಲಿ ಓಡುತ್ತಿದ್ದವು ಹೆಚ್ಚಾಗಿ ಇವೇ. ಮುಂಜಾನೆ ಮಂದಿ, ಮಧ್ಯಾಹ್ನ ಗೊಬ್ಬರ, ಸಂಜೆ ಭತ್ತ. ಒಂದೇ ಗಾಡಿ ಮೂರು ಕೆಲಸ.

ಅದರ ತಳದಲ್ಲಿ ಸೇರುತ್ತಿದ್ದದ್ದನ್ನು ನೋಡಿ. ನಾಟಿಯ ಕಾಲದಲ್ಲಿ ಗದ್ದೆಯಿಂದ ಎದ್ದು ಬಂದವರ ಕಾಲಿನ ಕೆಸರು. ಎರೆಮಣ್ಣು ಒಮ್ಮೆ ನೀರು ಕುಡಿದರೆ ಬೇಗ ಬಿಡುವುದಿಲ್ಲ, ಮ್ಯಾಟಿನಡಿ ಸೇರಿದರೆ ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಎರಡನೆಯದು ಗೊಬ್ಬರದ ಪುಡಿ. ಯೂರಿಯಾ ಗಾಳಿಯ ತೇವವನ್ನು ಎಳೆದುಕೊಂಡು ನೀರಾಗುತ್ತದೆ, ಅದು ಕೊಳೆತು ಹೊರಡುವ ಅಮೋನಿಯಾ ತಾಮ್ರ, ಹಿತ್ತಾಳೆಗಳ ವೈರಿ. ಪೊಟ್ಯಾಷ್ ಒಂದು ಬಗೆಯ ಉಪ್ಪು, ಕಬ್ಬಿಣವನ್ನೂ ತಿನ್ನುತ್ತದೆ. ಹಿತ್ತಾಳೆ ಕೊಡಕ್ಕೆ ಹುಣಸೆ ಹಚ್ಚದೆ ಬಿಟ್ಟರೆ ಹಸಿರು ಕಿಲುಬು ಕಟ್ಟುವುದು ನಮ್ಮ ತಾಯಂದಿರಿಗೆ ಗೊತ್ತು. ವೈರಿನ ಜೋಡಣೆಯಲ್ಲಿ ಕಟ್ಟುವುದೂ ಅದೇ ಕಿಲುಬು. ಮೂರನೆಯದು ಚೀಲದಿಂದ ಉದುರಿದ ಕಾಳು. ಕಾಳಿದ್ದಲ್ಲಿ ಇಲಿ. ಇಲಿ ಕಾಳು ತಿಂದು ಸುಮ್ಮನಾಗುವುದಿಲ್ಲ, ಪಕ್ಕದ ವೈರಿನ ಮೇಲೂ ಹಲ್ಲು ಮಸೆಯುತ್ತದೆ.

ಇನ್ನು ಮನುಷ್ಯರು ಮಾಡಿದ್ದು. ಬಹುತೇಕ ಕಾರು, ವ್ಯಾನುಗಳಲ್ಲಿ ಹಿಂದಿನ ದೀಪ, ಬ್ರೇಕ್ ದೀಪ, ಇಂಡಿಕೇಟರ್, ಟ್ಯಾಂಕಿನ ಮುಳ್ಳು ಇವುಗಳ ವೈರಿನ ಕಟ್ಟು ಬಾಗಿಲ ಹೊಸ್ತಿಲ ಪಕ್ಕ ಮ್ಯಾಟಿನಡಿ ಹಾದು ಹಿಂದಕ್ಕೆ ಹೋಗುತ್ತದೆ. ಸೀಟು ಬಿಚ್ಚಿ ಕೂಡಿಸುವಾಗ ಆ ಕಟ್ಟು ಸೀಟಿನ ಹಳಿಯ ಕೆಳಗೆ ಸಿಕ್ಕಿ ಜಜ್ಜುತ್ತದೆ. ಹೊಸ ಮ್ಯಾಟು ಜಾರದಿರಲೆಂದು ಹೊಡೆದ ಸ್ಕ್ರೂ ವೈರಿನ ಎದೆಯಲ್ಲೇ ಇಳಿಯುತ್ತದೆ. ತಗಡಿನ ತೂತಿನ ರಬ್ಬರ್ ಬುಷ್ ಕಳೆದುಹೋದರೆ ತಗಡಿನ ಅಂಚು ಗುಂಡಿ ಹಾರಿದಾಗಲೆಲ್ಲಾ ಗರಗಸದ ಹಾಗೆ ವೈರನ್ನು ಕೊಯ್ಯುತ್ತದೆ. ಇದರ ಮೇಲೆ ಟೇಪ್ ರೆಕಾರ್ಡರ್, ಎರಡನೇ ಹಾರನ್, ಜಾತ್ರೆಗೆ, ಚುನಾವಣೆಗೆ ಕಟ್ಟಿದ ಮೈಕು. ಕಟ್ಟುವಾಗ ಅವಸರ, ಬಿಚ್ಚುವಾಗ ಇನ್ನೂ ಅವಸರ.

ಕಟ್ಟಿದ್ದು ಗೊತ್ತು, ಬಿಚ್ಚಿದ್ದು ಯಾರು?

ನಮ್ಮ ಸದಸ್ಯರೊಬ್ಬರ ಹಳೆಯ ವ್ಯಾನಿನ ಪ್ರಸಂಗವನ್ನು ಇಲ್ಲಿ ಹೇಳಬೇಕು. ಎರಡು ರಾತ್ರಿ ನಿಂತರೆ ಬ್ಯಾಟರಿ ಕೂತುಬಿಡುತ್ತಿತ್ತು. ಮಳೆ ಬಂದ ದಿನ ಬ್ರೇಕ್ ದೀಪ ಹತ್ತುತ್ತಿರಲಿಲ್ಲ, ಬಿಸಿಲು ಬಿದ್ದರೆ ತಾನೇ ಹತ್ತುತ್ತಿತ್ತು. ಒಂದು ಕಡೆ ತೋರಿಸಿದರು, ಬ್ಯಾಟರಿ ಬದಲಿಸಿದರು. ತಿಂಗಳೊಳಗೆ ಹೊಸ ಬ್ಯಾಟರಿಯೂ ಕೂತಿತು. ಇನ್ನೊಂದು ಕಡೆ ಪೂರ್ತಿ ವೈರಿಂಗ್ ಹೊಸದು ಹಾಕಬೇಕು ಎಂದರು. ಆ ಖರ್ಚು ಕೇಳಿ ಗಾಡಿಯನ್ನೇ ಗುಜರಿಗೆ ಕೊಡುವ ಮಾತು ಬಂತು. ಕೊನೆಗೆ ಒಬ್ಬ ಹಿರಿಯ ಉಸ್ತಾದರ ಬಳಿ ಹೋದೆವು. ಅವರು ಬಾನೆಟ್ ಎತ್ತಲೇ ಇಲ್ಲ, ಮೊದಲು ಮಾತಿಗೆ ಕೂತರು.

‘ಗೌಡ್ರೆ, ಗಾಡ್ಯಾಗ ಏನೇನು ಹೇರ್ತೀರಿ?’

‘ಏನ್ ಹೇರ್ತೀವಿ ಉಸ್ತಾದ್, ಗೊಬ್ಬರ, ಬೀಜ. ಒಮ್ಮೊಮ್ಮಿ ಮಂದಿ.’

‘ಮೈಕ್ ಕಟ್ಟಿದ್ರೇನು?’

‘ಹೋದ ಎಲೆಕ್ಷನ್ನಾಗ ಕಟ್ಟಿದ್ರು.’

‘ಕಟ್ಟಿದ್ದು ಗೊತ್ತಾತು. ಬಿಚ್ಚಿದ್ದು ಯಾರು?’

ಯಾರಿಗೂ ನೆನಪಿರಲಿಲ್ಲ. ಉಸ್ತಾದರು ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಸೀಟು ತೆಗೆದು, ಮ್ಯಾಟು ಎತ್ತಿದರು. ಅಡಿಯ ಪದರ ಹಿಂಡಿದರೆ ನೀರು ಸುರಿಯಿತು. ಬ್ಯಾಟರಿಯಿಂದ ಫ್ಯೂಸಿಲ್ಲದೆ ನೇರ ಎಳೆದ ಮೈಕಿನ ವೈರು ಹಾಗೇ ಬಿದ್ದಿತ್ತು. ತುದಿಗೆ ಸುತ್ತಿದ ಟೇಪು ಬಿಚ್ಚಿಕೊಂಡು ಬರಿ ತಾಮ್ರ ಗೊಬ್ಬರದ ಕೆಸರಿನಲ್ಲಿ ಕೂತಿತ್ತು. ಕರೆಂಟು ಹಗಲು ರಾತ್ರಿ ಆ ಉಪ್ಪುನೀರಿನಲ್ಲಿ ತಗಡಿಗೆ ಜಿನುಗುತ್ತಿತ್ತು, ಬ್ಯಾಟರಿ ಕೂತದ್ದು ಅದಕ್ಕೆ. ಅಲ್ಲಿಂದ ಒಂದು ಗೇಣು ದೂರದಲ್ಲಿ ಬ್ರೇಕ್ ದೀಪದ ಕಪ್ಲರ್ ಹಸಿರು ಕಿಲುಬು ಕಟ್ಟಿತ್ತು. ಮೈಕಿನ ವೈರು ತೆಗೆದು, ಕಪ್ಲರ್ ಬದಲಿಸಿ, ಮ್ಯಾಟನ್ನು ಎರಡು ದಿನ ಬಿಸಿಲಿಗೆ ಹಾಕಿಸಿದರು. ‘ಗೌಡ್ರೆ, ಬ್ಯಾಟ್ರಿ ಪಾಪ ಏನ್ ಮಾಡ್ಯದ? ತೂತಿನ ಕೊಡಕ್ಕ ಎಷ್ಟು ನೀರು ಹಾಕಿದ್ರೂ ಅಷ್ಟ!’ ಎಂದು ನಕ್ಕರು. ಬ್ಯಾಟರಿಗೆ ಕೊಟ್ಟದ್ದರ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ.

ಹುಡುಕುವ ಕ್ರಮ

ಆ ಪೀಳಿಗೆಯ ಉಸ್ತಾದರು ಬಳಸುತ್ತಿದ್ದ ಕ್ರಮವನ್ನು ಸದಸ್ಯರ ಅನುಕೂಲಕ್ಕಾಗಿ ಕೆಳಗೆ ಕೊಟ್ಟಿದ್ದೇವೆ. ಹಳೆಯ ಗಾಡಿಗಳಿಗೆ ಇದು ಇಂದಿಗೂ ಸಲ್ಲುತ್ತದೆ.

ಒಂದು: ಮೊದಲು ವಿಚಾರಣೆ. ಯಾವಾಗ ಕೈಕೊಡುತ್ತದೆ, ಮಳೆಯಲ್ಲೋ, ಗುಂಡಿ ಹಾರಿದಾಗಲೋ, ರಾತ್ರಿ ನಿಂತಾಗಲೋ? ಮಳೆಯಲ್ಲಾದರೆ ತೇವ, ಕಿಲುಬು. ಗುಂಡಿಯಲ್ಲಾದರೆ ಸವೆದ ವೈರು. ನಿಂತಾಗ ಬ್ಯಾಟರಿ ಕೂತರೆ ಸೋರಿಕೆ.

ಎರಡು: ಬ್ಯಾಟರಿಯ ತುದಿಗಳು, ಬಾಡಿಗೆ ಬಿಗಿದ ಅರ್ಥ್ ಬೋಲ್ಟು, ಫ್ಯೂಸು, ಬಲ್ಬು ಇವು ನಾಲ್ಕನ್ನು ಮ್ಯಾಟು ಎತ್ತುವ ಮುಂಚೆ ನೋಡಬೇಕು. ಕೆಲವೊಮ್ಮೆ ಅಲ್ಲಿಯೇ ಬಗೆಹರಿಯುತ್ತದೆ.

ಮೂರು: ಟೆಸ್ಟ್ ಲ್ಯಾಂಪು. 12 ವೋಲ್ಟಿನ ಒಂದು ಸಣ್ಣ ಬಲ್ಬು, ಎರಡು ವೈರು, ಒಂದು ಕ್ಲಿಪ್ಪು. ಕ್ಲಿಪ್ಪನ್ನು ಅರ್ಥಿಗೆ ಹಾಕಿ ಬ್ಯಾಟರಿ ಕಡೆಯಿಂದ ದೀಪದ ಕಡೆಗೆ ಒಂದೊಂದೇ ಜೋಡಣೆ ಮುಟ್ಟುತ್ತಾ ಹೋಗಬೇಕು. ಎಲ್ಲಿಯವರೆಗೆ ಹತ್ತಿತು, ಎಲ್ಲಿಂದ ಹತ್ತಲಿಲ್ಲ, ಆ ಎರಡರ ನಡುವೆ ದೋಷ. ನೀರುಗಂಟಿ ನಾಲೆಯ ಮೇಲೆ ನಡೆಯುತ್ತಾ ಒಡಕು ಹುಡುಕುವುದೂ ಹೀಗೆಯೇ.

ನಾಲ್ಕು: ಅರ್ಥ್ ಪರೀಕ್ಷೆಗೆ ಮೀಟರು. ದೀಪ ಹತ್ತಿಸಿಟ್ಟು, ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ದೀಪದ ಲೋಹದ ಮೈಗೆ. ಸೊನ್ನೆಯ ಹತ್ತಿರ ತೋರಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ವಾಪಸು ದಾರಿ ಕೆಟ್ಟಿದೆ. 21 ವ್ಯಾಟಿನ ಎರಡು ಬ್ರೇಕ್ ಬಲ್ಬುಗಳು ಸುಮಾರು ಮೂರೂವರೆ ಆಂಪಿಯರ್ ಎಳೆಯುತ್ತವೆ, ಸಣ್ಣ ಕಿಲುಬೂ ಅವನ್ನು ಮಂಕು ಮಾಡಬಲ್ಲದು.

ಐದು: ರಾತ್ರಿ ಸೋರಿಕೆಗೆ, ಎಲ್ಲಾ ಸ್ವಿಚ್ಚು ಬಂದ್ ಮಾಡಿ, ಬಾಗಿಲು ಹಾಕಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ 5 ವ್ಯಾಟಿನ ಬಲ್ಬು ಹಿಡಿಯಬೇಕು. ಹತ್ತಿದರೆ ಎಲ್ಲೋ ಸೋರುತ್ತಿದೆ. ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ಬಲ್ಬು ಆರಿತೋ ಆ ನಾಲೆಯಲ್ಲಿ ಸೋರಿಕೆ. ಎಲ್ಲಾ ಕಿತ್ತರೂ ಆರದಿದ್ದರೆ ಫ್ಯೂಸಿಲ್ಲದೆ ಎಳೆದ ವೈರು ಇದೆ ಎಂದರ್ಥ, ಮ್ಯಾಟು ಎತ್ತಿ. ಬಹಳ ಸಣ್ಣ ಸೋರಿಕೆಗೆ ಬಲ್ಬು ಹತ್ತುವುದಿಲ್ಲ, ಅದಕ್ಕೆ ಆಂಪಿಯರ್ ಮೀಟರೇ ಬೇಕು. ಮೀಟರು ಹಾಗೆ ಹಿಡಿದಾಗ ಸೆಲ್ಫ್ ಹೊಡೆಯಕೂಡದು.

ಆರು: ಮ್ಯಾಟು ಎತ್ತುವ ಮುಂಚೆ ಬಾಡಿಗೆ ಸೇರಿದ ಬ್ಯಾಟರಿ ಕೇಬಲನ್ನು ಕಡ್ಡಾಯವಾಗಿ ಬಿಚ್ಚಬೇಕು. ಎತ್ತಿದ ಮೇಲೆ ಅವಸರ ಬೇಡ. ಎಲ್ಲಿ ತುಕ್ಕಿನ ಕಲೆ, ಎಲ್ಲಿ ಹಸಿರು, ಎಲ್ಲಿ ಕಪ್ಪಾಗಿ ಸುಟ್ಟ ಗುರುತು, ಎಲ್ಲಿ ಇಲಿಯ ಹಿಕ್ಕೆ ಎಂದು ಕಣ್ಣಿನಿಂದ ನೋಡಿ. ಮೀಟರಿಗಿಂತ ಕಣ್ಣು, ಮೂಗು ಬೇಗ ಹೇಳುತ್ತವೆ.

ಸರಿಪಡಿಸುವ ರೀತಿ

ಕಿಲುಬು ಹಿಡಿದ ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಕಿಲುಬು ಪದರದ ಒಳಗೇ ಬಹಳ ದೂರ ಹರಿದಿರುವುದುಂಟು. ಬರಿಗೈಲಿ ತಿರುಚಿ ಟೇಪು ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಅದೇ ಕಥೆ. ಒಳ್ಳೆಯ ಥಿಂಬಲ್ ಒತ್ತಿ ಅಥವಾ ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಬೇಕು. ಅದೇ ದಪ್ಪ, ಆದಷ್ಟು ಅದೇ ಬಣ್ಣದ ವೈರು ಇರಲಿ. ಜೋಡಣೆ ತಳದ ಗುಂಡಿಯಲ್ಲಿ ಕೂರದೆ ಹೊಸ್ತಿಲ ಪಕ್ಕಕ್ಕೆ ಎತ್ತರದಲ್ಲಿರಲಿ. ತೂತುಗಳಿಗೆ ರಬ್ಬರ್ ಬುಷ್ ಹಾಕಿಸಿ. ಅರ್ಥ್ ಬೋಲ್ಟಿನ ಕೆಳಗಿನ ಬಣ್ಣ, ತುಕ್ಕು ಉಜ್ಜಿ ತಗಡು ಕಾಣಿಸಿದ ಮೇಲೆ ಬಿಗಿದು, ಮೇಲೆ ಗ್ರೀಸ್ ಸವರಿ. ಮ್ಯಾಟು ಮತ್ತು ಅಡಿಯ ಪದರ ಗರಿಗರಿ ಒಣಗುವವರೆಗೆ ವಾಪಸು ಹಾಸಬೇಡಿ. ನೀರು ಎಲ್ಲಿಂದ ಬರುತ್ತಿದೆ, ಬಾಗಿಲ ರಬ್ಬರೋ, ಗಾಜಿನ ರಬ್ಬರೋ, ತಳದ ತೂತೋ, ಅದನ್ನೂ ಮುಚ್ಚಿಸಬೇಕು. ಇಲ್ಲವಾದರೆ ರೋಗಕ್ಕೆ ಮದ್ದು ಕೊಟ್ಟು ಪಥ್ಯ ಬಿಟ್ಟ ಹಾಗೆ.

ಫ್ಯೂಸಿನ ಬಗ್ಗೆ ಕೈಮುಗಿದು ಹೇಳುತ್ತೇವೆ. ಸುಟ್ಟ ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ತುರುಕಬೇಡಿ. ಫ್ಯೂಸು ಕರಗದಿದ್ದರೆ ವೈರು ಕರಗುತ್ತದೆ. ಮ್ಯಾಟು, ಗಾದಿ, ಪೆಟ್ರೋಲು ಇರುವ ಗಾಡಿಯಲ್ಲಿ ವೈರು ಕಾದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಇಂದಿನ ಗಾಡಿಗಳು

ಹೊಸ ಗಾಡಿಗಳ ಮ್ಯಾಟಿನಡಿಯೂ ವೈರು ಇದೆ, ಹಿಂದಿಗಿಂತ ಹೆಚ್ಚೇ ಇದೆ. ಆದರೆ ಅಲ್ಲಿ ಹಳೆಯ ಕೈಚಳಕ ನಡೆಯದು. ಸೀಟಿನ ಅಡಿ ಹಳದಿ ಬಣ್ಣದ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿಗೆ ಸಂಬಂಧಿಸಿದ್ದು, ಟೆಸ್ಟ್ ಲ್ಯಾಂಪು ಮುಟ್ಟಿಸಲೇಬಾರದು. ಕಂಪ್ಯೂಟರಿಗೆ ಹೋಗುವ ಸಣ್ಣ ವೈರುಗಳಿಗೂ ಬಲ್ಬು ಹಚ್ಚಿದರೆ ಒಳಗಿನ ಭಾಗ ಕೆಡಬಹುದು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಪ್ರಾಣಾಪಾಯದ ವೋಲ್ಟೇಜಿನದು. ಅವನ್ನು ತರಬೇತಾದವರಿಗೇ ಬಿಡಬೇಕು. ಆದರೆ ನೀರು, ಉಪ್ಪು, ಇಲಿಗಳ ಕೆಲಸ ಅಲ್ಲಿಯೂ ಅದೇ. ತಳ ಒಣಗಿಸಿಡುವುದು ಎಲ್ಲಾ ಗಾಡಿಗೂ ಬೇಕಾದ ಪಥ್ಯ.

ಹಳೆಯ ಗಾಡಿಯನ್ನು ಇಟ್ಟುಕೊಂಡವರಿಗೆ ಇದು ಬರೀ ಖರ್ಚಿನ ಪ್ರಶ್ನೆಯಲ್ಲ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯ ನೋಂದಣಿಯನ್ನು ಮುಂದುವರಿಸಬೇಕಾದರೆ ಅದು ಪರೀಕ್ಷೆಯಲ್ಲಿ ಪಾಸಾಗಬೇಕು, ದೀಪಗಳು ಹತ್ತಬೇಕು. ಅದಕ್ಕಿಂತ ದೊಡ್ಡ ಮಾತು ಪ್ರಾಣದ್ದು. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಬರುವ ಹೆದ್ದಾರಿಯಲ್ಲಿ ಸುಗ್ಗಿಯ ಕಾಲಕ್ಕೆ ರಾತ್ರಿಯಿಡೀ ಭತ್ತದ ಲೋಡು ಓಡುತ್ತವೆ. ಮುಂದಿನ ವ್ಯಾನು ಬ್ರೇಕ್ ಹಾಕಿದ್ದು ಹಿಂದಿನ ಲಾರಿಯವನಿಗೆ ತಿಳಿಯುವುದು ಎರಡು ಸಣ್ಣ ಬಲ್ಬುಗಳಿಂದ. ಆ ಬಲ್ಬಿಗೆ ಹೋಗುವ ವೈರು ಮ್ಯಾಟಿನಡಿ ಕಿಲುಬು ಹಿಡಿದಿದ್ದರೆ ಡ್ರೈವರ್‌ಗೆ ಗೊತ್ತಾಗುವುದೇ ಇಲ್ಲ, ಯಾಕೆಂದರೆ ತನ್ನ ಹಿಂದಿನ ದೀಪವನ್ನು ತಾನು ನೋಡಲಾರ. ಟ್ರ್ಯಾಕ್ಟರಿನ ಟ್ರೈಲರಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಸದಸ್ಯ ಬಾಂಧವರಲ್ಲಿ ವಿನಂತಿ

ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಕಟ್ಟಿದಾಗ, ಒಬ್ಬನ ಕಷ್ಟ ಹತ್ತು ಜನರ ಕಣ್ಣಿಗೆ ಬಿದ್ದರೆ ಅರ್ಧ ಹಗುರಾಗುತ್ತದೆ ಎಂಬ ನಂಬಿಕೆಯೇ ಅದರ ಹಿಂದಿತ್ತು. ಗಾಡಿಯ ಹಿಂದಿನ ದೀಪವೂ ಹಾಗೆಯೇ, ಒಬ್ಬ ಬ್ರೇಕ್ ತುಳಿದರೆ ಇನ್ನೊಬ್ಬ ಹಿಂದೆ ನಿಂತು ನೋಡಬೇಕು. ಗೊಬ್ಬರ ತುಂಬುವ ದಿನ ಸಂಘದ ಗೋದಾಮಿನ ಮುಂದೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿಯೇ ಒಬ್ಬರ ಗಾಡಿಯನ್ನು ಇನ್ನೊಬ್ಬರು ಎರಡು ನಿಮಿಷ ನೋಡಿಕೊಟ್ಟರೆ ಸಾಕು.

ಗೊಬ್ಬರ ಹೇರುವ ಮುಂಚೆ ತಳಕ್ಕೆ ಒಂದು ತಾಡಪಾಲು ಹಾಸಿರಿ. ಇಳಿಸಿದ ಮೇಲೆ ಕಸಬರಿಗೆಯಿಂದ ಗುಡಿಸಿ. ವರ್ಷಕ್ಕೆರಡು ಸಲ, ಮುಂಗಾರು ಮುಗಿದ ಮೇಲೆ ಒಮ್ಮೆ, ಬೇಸಿಗೆಯಲ್ಲಿ ಕಾಲುವೆ ನೀರು ಬಂದಾದ ಮೇಲೆ ಒಮ್ಮೆ, ಮ್ಯಾಟು ಎತ್ತಿ ಬಿಸಿಲಿಗೆ ಹಾಕಿ. ಕಟ್ಟಿದ ಮೈಕಿನ ವೈರನ್ನು ಕಟ್ಟಿದವರಿಂದಲೇ ಬಿಚ್ಚಿಸಿ. ನಮ್ಮ ಊರ ಹಿರಿಯ ಉಸ್ತಾದರು ಇನ್ನೂ ಕೈಲಾಗುವಷ್ಟು ಕಾಲ ಇರುವಾಗಲೇ ನಮ್ಮ ಹುಡುಗರು ಅವರ ಬಳಿ ಕೂತು ಈ ವಿದ್ಯೆ ಕಲಿಯಲಿ. ಬಣ್ಣದ ಲೆಕ್ಕ, ಬಲ್ಬು ಹಿಡಿಯುವ ರೀತಿ, ಕೇಳಬೇಕಾದ ಪ್ರಶ್ನೆಗಳು ಇವು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ನಮ್ಮ ಸೀಮೆಗೆ ನೀರು ತಂದ ಹಿರಿಯರಿಗೂ, ಆ ನೀರಿನ ನಡುವೆ ಗಾಡಿ ಓಡುವಂತೆ ನೋಡಿಕೊಂಡ ಉಸ್ತಾದರಿಗೂ ವಂದಿಸುತ್ತಾ, ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ದಿನಕ್ಕೆ ಬರುವ ಸದಸ್ಯರ ಎಲ್ಲಾ ಗಾಡಿಗಳ ಹಿಂದಿನ ದೀಪ ಹತ್ತಿರಲಿ ಎಂದು ಹಾರೈಸುತ್ತೇವೆ.